ಲೋಹ ಮತ್ತು ಮರದ ನಡುವಿನ ಹಾಸು

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಶಾಲಾಮಕ್ಕಳು ವಿಜಯಪುರಕ್ಕೆ ಪ್ರವಾಸ ಬಂದಾಗ ಗೋಳಗುಮ್ಮಟದ ಮುಂದಿನ ವಸ್ತುಸಂಗ್ರಹಾಲಯವನ್ನೂ ನೋಡುತ್ತಾರೆ. ಅಲ್ಲಿನ ಹಳೆಯ ಆಯುಧಗಳ ಮುಂದೆ ನಿಂತಾಗ ಕೇಳಬಹುದಾದ ಒಂದು ಪ್ರಶ್ನೆ ಇದೆ. ಕತ್ತಿಯ ಅಲಗು ಹಿಡಿಯೊಳಗೆ ಅಲುಗಾಡದೆ ನಿಲ್ಲುವುದು ಹೇಗೆ? ನಮ್ಮ ದೇಶದ ತಲವಾರುಗಳಲ್ಲಿ ಅಲಗಿನ ಹಿಂತುದಿಯನ್ನು ಟೊಳ್ಳು ಹಿಡಿಯೊಳಗೆ ತೂರಿಸಿ, ಉಳಿದ ಜಾಗಕ್ಕೆ ಕಾಯಿಸಿದ ಅರಗನ್ನು ತುಂಬುತ್ತಿದ್ದರು. ಅರಗಿಗೆ ಇಟ್ಟಿಗೆ ಪುಡಿಯಂಥ ಗಟ್ಟಿ ಪದಾರ್ಥವನ್ನು ಬೆರೆಸುತ್ತಿದ್ದರು. ಅರಗು ಸಂದುಗೊಂದುಗಳಿಗೆ ಹರಿದು ಆಕಾರ ತಳೆಯುತ್ತದೆ. ಪುಡಿ ಅದರ ಕುಗ್ಗುವಿಕೆಯನ್ನು ತಗ್ಗಿಸುತ್ತದೆ.

ಕ್ರೀಡಾ ರೈಫಲ್‌ಗಳಲ್ಲಿ ಇಂದು ಬಳಸುವ ‘ಬೆಡ್ಡಿಂಗ್’ನ ತತ್ವವೂ ಇದೇ. ರೈಫಲ್‌ನ ಉಕ್ಕಿನ ಭಾಗ ಕೂರುವ ಮರದ ಒಡಲಿಗೆ ಸ್ಟಾಕ್ ಎಂದು ಹೆಸರು. ಕೆತ್ತಿದ ಮರ ಎಷ್ಟೇ ನಯವಾಗಿದ್ದರೂ ಉಕ್ಕು ಅದನ್ನು ಎಲ್ಲೆಡೆ ಮುಟ್ಟುವುದಿಲ್ಲ. ನಡುವಿನ ಸಂದನ್ನು ತುಂಬುವ ತೆಳು ಪದರಕ್ಕೆ ನಾವು ಹಾಸು ಎನ್ನೋಣ. ಎನ್.ಸಿ.ಸಿ. ಶಿಬಿರದಲ್ಲಿ .22 ರೈಫಲ್ ಹಿಡಿದು ಬಂದ ವಿದ್ಯಾರ್ಥಿಯೊಬ್ಬ, ಈ ಹಾಸಿಗೆ ಅತಿ ಗಟ್ಟಿಯಾಗಿ ಅಂಟುವ ಗೋಂದು ಯಾವುದು ಎಂದು ನನ್ನನ್ನು ಕೇಳಿದ. ಹೊಸಬರೆಲ್ಲ ಹೀಗೆಯೇ ಕೇಳುತ್ತಾರೆ. ಆದರೆ ಇಲ್ಲಿ ನೋಡಬೇಕಾದದ್ದು ಅಂಟುವ ಶಕ್ತಿಯನ್ನಲ್ಲ, ಆಕಾರ ಬದಲಿಸದಿರುವ ಗುಣವನ್ನು.

ಲೆಕ್ಕ ಹಾಕೋಣ. ಹಾಸು ಸಮವಾಗಿಲ್ಲದಿದ್ದರೆ ತಿರುಪುಗಳನ್ನು ಬಿಗಿದಾಗ ಉಕ್ಕಿನ ಭಾಗ ತುಸು ಬಾಗುತ್ತದೆ. ಗುರಿ ನೋಡುವ ಸಾಧನವೂ ಉಕ್ಕಿನ ಮೇಲೆಯೇ ಇರುವುದರಿಂದ ಇಡೀ ಭಾಗ ಒಟ್ಟಿಗೆ ಓರೆಯಾದರೆ ಹಾನಿಯಿಲ್ಲ, ಬಾಗಿದರೆ ಹಾನಿ. 150 ಮಿ.ಮೀ. ಉದ್ದಕ್ಕೆ 0.01 ಮಿ.ಮೀ.ನಷ್ಟು ಬಾಗಿದರೂ 50 ಮೀಟರ್ ದೂರದಲ್ಲಿ ಗುಂಡು ಸುಮಾರು 3.3 ಮಿ.ಮೀ. ಸರಿಯುತ್ತದೆ. 50 ಮೀಟರ್ ಸ್ಪರ್ಧೆಯ ಗುರಿಫಲಕದಲ್ಲಿ ಹತ್ತು ಅಂಕದ ವೃತ್ತದ ವ್ಯಾಸ 10.4 ಮಿ.ಮೀ. ಮಾತ್ರ. ತಲೆಗೂದಲಿನ ದಪ್ಪಕ್ಕಿಂತ ಎಷ್ಟೋ ಕಡಿಮೆಯಾದ ತಪ್ಪು ಅಂಕವನ್ನು ಕಸಿಯಬಲ್ಲುದು.

ಹಾಗಾದರೆ ಬರಿಯ ಮರವೇ ಏಕೆ ಸಾಲದು? ನಮ್ಮ ಜಿಲ್ಲೆಯ ಹವೆಯನ್ನು ನೋಡಿ. ಬೇಸಿಗೆಯ ಮಧ್ಯಾಹ್ನ ಗಾಳಿಯ ಸಾಪೇಕ್ಷ ಆರ್ದ್ರತೆ ಶೇ. 30ಕ್ಕಿಂತ ಕೆಳಗಿಳಿಯುತ್ತದೆ, ಮಳೆಗಾಲದಲ್ಲಿ ಶೇ. 80ಕ್ಕೆ ಏರುವ ದಿನಗಳಿವೆ. ಶೇ. 30ರ ಗಾಳಿಯಲ್ಲಿ ಮರದ ತೇವಾಂಶ ಸುಮಾರು ಶೇ. 6ಕ್ಕೆ, ಶೇ. 80ರಲ್ಲಿ ಸುಮಾರು ಶೇ. 16ಕ್ಕೆ ಬಂದು ನಿಲ್ಲುತ್ತದೆ. ಸ್ಟಾಕ್‌ಗೆ ಬಳಸುವ ಅಕ್ರೋಟು ಮರದ 40 ಮಿ.ಮೀ. ಅಗಲದ ತುಂಡು ಇಷ್ಟು ತೇವವನ್ನು ಪೂರ್ತಿ ಹೀರಿದರೆ ಎಳೆಗಳಿಗೆ ಅಡ್ಡಲಾಗಿ ಸುಮಾರು 1 ಮಿ.ಮೀ. ಉಬ್ಬುತ್ತದೆ. ಎಣ್ಣೆ, ಮೆರುಗು ಹಚ್ಚಿದ ಮರ ಇಷ್ಟು ಉಬ್ಬದು, ಒಪ್ಪೋಣ. ಆದರೆ ನಮ್ಮ ಲೆಕ್ಕ ಇರುವುದು ನೂರರಲ್ಲೊಂದು ಮಿ.ಮೀ.ನಲ್ಲಿ! ತಿರುಪುಗಳ ಒತ್ತಡಕ್ಕೆ ಮರ ಅಪ್ಪಚ್ಚಿಯಾಗದಂತೆ ಅವುಗಳ ಸುತ್ತ ಅಲ್ಯೂಮಿನಿಯಂ ಕೊಳವೆ ತುಣುಕುಗಳನ್ನು ಕೂರಿಸುವುದೂ ಉಂಟು.

ಇನ್ನು ಅರಗು. ಅದು ಸುಮಾರು 70° ಸೆ. ಹತ್ತಿರ ಮೆದುವಾಗುತ್ತದೆ, ಪೆಟ್ಟಿಗೆ ಬಿರಿಯುತ್ತದೆ. .22 ರೈಫಲ್‌ನ 2.6 ಗ್ರಾಂ ಗುಂಡು ಸೆಕೆಂಡಿಗೆ 330 ಮೀಟರ್ ವೇಗದಲ್ಲಿ ಹೊರಟರೆ ಅದರ ಸಂವೇಗ ಸುಮಾರು 0.86 ಕಿ.ಗ್ರಾಂ. ಮೀ./ಸೆ. ಇದು ಎರಡು ಮೂರು ಮಿಲಿಸೆಕೆಂಡುಗಳಲ್ಲಿ ಹುಟ್ಟುವುದರಿಂದ ಹಿಮ್ಮುಖ ಬಲದ ಸರಾಸರಿ 300 ನ್ಯೂಟನ್ ಮೀರುತ್ತದೆ. ನೂರಾರು ಬಾರಿ ಇಂಥ ಪೆಟ್ಟು ತಿಂದ ಅರಗು ಪುಡಿಯಾದೀತು. ರಬ್ಬರಿನಂತಿರುವ ಸಿಲಿಕೋನ್ ಪುಡಿಯಾಗದು. ಆದರೆ ಪ್ರತಿ ಪೆಟ್ಟಿಗೂ ಒತ್ತಿಕೊಂಡು, ಉಕ್ಕು ಪ್ರತಿ ಬಾರಿಯೂ ಬೇರೆ ಬೇರೆ ರೀತಿ ಕೂರುವಂತೆ ಮಾಡುತ್ತದೆ.

ಫೈಬರ್ ಗ್ಲಾಸ್ ಕೆಲಸದವರು ಬಳಸುವ ಪಾಲಿಯೆಸ್ಟರ್ ರಾಳ ಅಗ್ಗ. ಆದರೆ ಗಟ್ಟಿಯಾಗುವಾಗ ಅದರ ಗಾತ್ರ ಶೇ. 5ರಿಂದ 8ರಷ್ಟು ಕುಗ್ಗುತ್ತದೆ. ಶೇ. 6 ಎಂದಿಟ್ಟುಕೊಂಡರೆ ಒಂದು ದಿಕ್ಕಿಗೆ ಶೇ. 2. ಅಂದರೆ 2 ಮಿ.ಮೀ. ದಪ್ಪದ ಹಾಸಿನಲ್ಲಿ 0.04 ಮಿ.ಮೀ. ಸಂದು. ಎಪಾಕ್ಸಿ ರಾಳ ಇದಕ್ಕಿಂತ ಬಹಳ ಕಡಿಮೆ ಕುಗ್ಗುತ್ತದೆ. ಉಕ್ಕಿನ ಅಥವಾ ಅಲ್ಯೂಮಿನಿಯಂ ಪುಡಿ ಬೆರೆತರೆ ಇನ್ನೂ ಕಡಿಮೆ. ಪುಡಿಯಿಂದ ಮತ್ತೊಂದು ಲಾಭವಿದೆ. ಬರಿಯ ಎಪಾಕ್ಸಿಯ ಉಷ್ಣ ವ್ಯಾಕೋಚನ ಗುಣಾಂಕ ಉಕ್ಕಿನದರ ನಾಲ್ಕೈದು ಪಟ್ಟು. ಲೋಹದ ಪುಡಿ ಆ ಅಂತರವನ್ನು ತಗ್ಗಿಸುತ್ತದೆ.

ಹೊಸಬರಿಗೆ ತಕ್ಕದ್ದು ನಿಧಾನವಾಗಿ ಗಟ್ಟಿಯಾಗುವ, ಲೋಹದ ಪುಡಿ ಬೆರೆತ, ಬೆಣ್ಣೆಯಷ್ಟು ಮಂದವಾದ ಎಪಾಕ್ಸಿ. ಐದು ನಿಮಿಷದ ಎಪಾಕ್ಸಿ ನಮ್ಮ ಊರುಗಳಿಗೆ ಸಲ್ಲದು. ಉಷ್ಣತೆ 10° ಸೆ. ಏರಿದರೆ ರಾಸಾಯನಿಕ ಕ್ರಿಯೆಯ ವೇಗ ಸುಮಾರು ಇಮ್ಮಡಿಯಾಗುತ್ತದೆ. ಪೊಟ್ಟಣದ ಮೇಲಿನ ಐದು ನಿಮಿಷ 25° ಸೆ.ನದಾದರೆ ಏಪ್ರಿಲ್‌ನ 40° ಸೆ.ನಲ್ಲಿ ಎರಡು ನಿಮಿಷವೂ ಉಳಿಯದು. ನಲ್ಲಿಯ ಸೋರಿಕೆಗೆ ಮೆತ್ತುವ ಎಪಾಕ್ಸಿ ಹಿಟ್ಟು ಸಂದುಗಳಿಗೆ ಹರಿಯುವುದಿಲ್ಲ.

ಲೋಹಕ್ಕೆ ಮೊದಲು ಮೇಣ ಹಚ್ಚಲೇಬೇಕು. ಹಾಸು ಮರಕ್ಕೆ ಅಂಟಬೇಕು, ಉಕ್ಕಿಗಲ್ಲ. ಮೇಣವಿಲ್ಲದಿದ್ದರೆ ಎರಡೂ ಶಾಶ್ವತವಾಗಿ ಒಂದಾಗುತ್ತವೆ. ಲೋಹದ ತೂತು, ಕಚ್ಚುಗಳನ್ನೂ ಜೇಡಿಯಿಂದ ಮುಚ್ಚಬೇಕು; ಇಲ್ಲವಾದರೆ ರಾಳ ಒಳಹೊಕ್ಕು ಬೀಗ ಹಾಕಿದಂತಾಗುತ್ತದೆ. ಮೊದಲ ಪ್ರಯೋಗದಲ್ಲಿ ನಾನೇ ಮೇಣ ಮರೆತಿದ್ದೆ. ಆ ಕಬ್ಬಿಣದ ಕೊಳವೆ ಇಂದಿಗೂ ಮರದ ತುಂಡಿನ ಸಮೇತ ನನ್ನ ಕಪಾಟಿನಲ್ಲಿದೆ.

ಹೌದು, ಕೊಳವೆಯೇ. 1959ರ ಶಸ್ತ್ರಾಸ್ತ್ರ ಕಾಯಿದೆಯ 5ನೇ ಕಲಮು ಪರವಾನಗಿ ಇಲ್ಲದೆ ಬಂದೂಕು ರಿಪೇರಿ ಮಾಡುವುದನ್ನು ನಿಷೇಧಿಸುತ್ತದೆ. ಆ ಕೆಲಸ ಪರವಾನಗಿ ಹೊಂದಿದವರಿಗೆ ಬಿಡಬೇಕು. ತರಗತಿಗೆ ಕೊಳವೆ ಸಾಕು. ಮೂರು ಮರದ ತುಂಡುಗಳಲ್ಲಿ ಕೊಳವೆಗಿಂತ 2 ಮಿ.ಮೀ. ಆಳವಾದ ಕಾಲುವೆ ಕೆತ್ತಿಸಿ. ಒಂದಕ್ಕೆ ಅರಗು ಮತ್ತು ಇಟ್ಟಿಗೆ ಪುಡಿ, ಇನ್ನೊಂದಕ್ಕೆ ಪಾಲಿಯೆಸ್ಟರ್, ಮೂರನೆಯದಕ್ಕೆ ಎಪಾಕ್ಸಿ ಮತ್ತು ನಯವಾದ ಕಬ್ಬಿಣದ ಪುಡಿ ತುಂಬಿ, ಮೇಣ ಹಚ್ಚಿದ ಕೊಳವೆಯನ್ನು ಒತ್ತಿ ಕೂರಿಸಿ. ಕೈಗವಸು ಇರಲಿ, ಕಿಟಕಿಗಳು ತೆರೆದಿರಲಿ. ಎರಡು ದಿನ ಬಿಟ್ಟು ಕೊಳವೆ ತೆಗೆದು, ಮತ್ತೆ ಕೂರಿಸಿ, ಸಂದನ್ನು ಫೀಲರ್ ಗೇಜ್‌ನಿಂದ ಅಳೆಯಿರಿ. ಆಮೇಲೆ ಒಂದು ಮಧ್ಯಾಹ್ನ ಬಿಸಿಲಿನಲ್ಲಿಟ್ಟು, ಒಂದು ರಾತ್ರಿ ಒದ್ದೆ ಗೋಣಿಯಲ್ಲಿ ಸುತ್ತಿಟ್ಟು ಪುನಃ ಅಳೆಯಿರಿ. ಸಾಧ್ಯವಾದರೆ ಏಪ್ರಿಲ್‌ನಲ್ಲಿ ಪ್ರಯೋಗ ಮಾಡಿ, ತುಂಡುಗಳನ್ನು ಎಸೆಯದೆ ಸೆಪ್ಟೆಂಬರ್‌ವರೆಗೆ ಇಟ್ಟು, ಆ ತಿಂಗಳ ಅಂಕಿಗಳನ್ನೂ ಅದೇ ಪುಟದಲ್ಲಿ ಬರೆಯಿಸಿ.