ನಿಮಗಿದು ಗೊತ್ತೇ? ಹುಡುಗರು ನಾಲ್ಕು ವರ್ಷ, ಕೋಚ್ ನಲವತ್ತು ವರ್ಷ!

ಅಮೆರಿಕದ ಕಾಲೇಜು ಫುಟ್‌ಬಾಲ್ ನಮ್ಮ ಕಾಲ್ಚೆಂಡಾಟವಲ್ಲ. ಮೊಟ್ಟೆಯಾಕಾರದ ಚೆಂಡನ್ನು ಎದೆಗವಚಿಕೊಂಡು ಓಡುವ, ಅಡ್ಡ ಬಂದವನನ್ನು ಕೆಡವುವ ಆಟ. ಆಡುವ ಹುಡುಗರು ಡಿಗ್ರಿ ಮುಗಿಸಿ ಹೊರಡುತ್ತಾರೆ, ಕೋಚ್ ಉಳಿಯುತ್ತಾರೆ. ಅಲ್ಲಿ ತಂಡದ ಚರಿತ್ರೆ ಎಂದರೆ ಬಹುಪಾಲು ಕೋಚ್ ಚರಿತ್ರೆಯೇ.

● ಮೊದಲ ಪಂದ್ಯ ನಡೆದದ್ದು 1869ರ ನವೆಂಬರ್ 6ರಂದು, ರಟ್ಗರ್ಸ್ ಮತ್ತು ಪ್ರಿನ್ಸ್‌ಟನ್ ನಡುವೆ. ಒಂದೊಂದು ಕಡೆ 25 ಜನ! ರಟ್ಗರ್ಸ್ 6–4ರಿಂದ ಗೆದ್ದಿತು. ಕೋಚ್ ಎಂಬುವವರು ಆಗಿನ್ನೂ ಹುಟ್ಟಿರಲಿಲ್ಲ, ನಾಯಕರದ್ದೇ ಕಾರುಬಾರು.

● ಫೀಲ್ಡಿಂಗ್ ಯೋಸ್ಟ್ 1900ರಲ್ಲಿ ಸ್ಟ್ಯಾನ್‌ಫರ್ಡ್ ಕೋಚ್. ‘ನಮ್ಮಲ್ಲಿ ಓದಿದವರೇ ಕೋಚ್ ಆಗಬೇಕು’ ಎಂದು ಸ್ಟ್ಯಾನ್‌ಫರ್ಡ್ ನಿಯಮ ಮಾಡಿದ್ದರಿಂದ ಮಿಷಿಗನ್‌ಗೆ ಹೋದರು. 1902ರ ಹೊಸ ವರ್ಷದ ದಿನ ಮೊದಲ ರೋಸ್ ಬೌಲ್ ಪಂದ್ಯದಲ್ಲಿ ಎದುರಾದದ್ದು ಅದೇ ಸ್ಟ್ಯಾನ್‌ಫರ್ಡ್. ಫಲಿತಾಂಶ: 49–0. ಆ ಋತುವಿನಲ್ಲಿ ಮಿಷಿಗನ್ ಗಳಿಸಿದ ಒಟ್ಟು ಅಂಕ 550, ಬಿಟ್ಟುಕೊಟ್ಟದ್ದು ಸೊನ್ನೆ.

● 1916ರಲ್ಲಿ ಜಾರ್ಜಿಯಾ ಟೆಕ್ ತಂಡ ಕಂಬರ್ಲೆಂಡ್ ಕಾಲೇಜನ್ನು ಸೋಲಿಸಿದ್ದು 222–0ರಿಂದ. ಅರ್ಧ ಆಟಕ್ಕೇ 126–0 ಆಗಿದ್ದರಿಂದ ಉಳಿದ ಆಟದ ಅವಧಿಯನ್ನು ಮೊಟಕುಗೊಳಿಸಲಾಯಿತು. ಗೆದ್ದ ತಂಡದ ಕೋಚ್ ಜಾನ್ ಹೈಸ್‌ಮನ್. ವರ್ಷದ ಶ್ರೇಷ್ಠ ಆಟಗಾರನಿಗೆ ಸಿಗುವ ಟ್ರೋಫಿಗೆ ಈಗ ಅವರದೇ ಹೆಸರು.

● ಏಮಸ್ ಅಲೊಂಜೊ ಸ್ಟ್ಯಾಗ್ ಷಿಕಾಗೊ ವಿಶ್ವವಿದ್ಯಾಲಯದ ಕೋಚ್ ಆಗಿದ್ದದ್ದು 1892ರಿಂದ 1932ರವರೆಗೆ. ವಯಸ್ಸು 70 ಆಯಿತೆಂದು ನಿವೃತ್ತಿ ಕೊಟ್ಟರು. ಅಜ್ಜ ಮನೆಯಲ್ಲಿ ಕೂರಲಿಲ್ಲ: ಕ್ಯಾಲಿಫೋರ್ನಿಯಾದ ಇನ್ನೊಂದು ಕಾಲೇಜು ಸೇರಿ, 1943ರಲ್ಲಿ, 81ರ ವಯಸ್ಸಿನಲ್ಲಿ ‘ವರ್ಷದ ಕೋಚ್’ ಎನಿಸಿಕೊಂಡರು! ಬದುಕಿದ್ದು 102 ವರ್ಷ.

● ಅತ್ತ ಷಿಕಾಗೊ 1939ರಲ್ಲಿ ಫುಟ್‌ಬಾಲನ್ನೇ ಕೈಬಿಟ್ಟಿತು. ‘ಸ್ಟ್ಯಾಗ್ ಫೀಲ್ಡ್’ ಮೈದಾನದ ಪಶ್ಚಿಮದ ಗ್ಯಾಲರಿ ಕೆಳಗಿದ್ದ ಕೋಣೆಯಲ್ಲಿ ಭೌತವಿಜ್ಞಾನಿ ಎನ್ರಿಕೊ ಫರ್ಮಿ ಅವರ ತಂಡ ಗ್ರಾಫೈಟ್ ಇಟ್ಟಿಗೆಗಳನ್ನು ಪೇರಿಸಿತು. 1942ರ ಡಿಸೆಂಬರ್ 2ರಂದು ಮಾನವ ನಿರ್ಮಿತ ಮೊದಲ ಪರಮಾಣು ಸರಪಳಿ ಕ್ರಿಯೆ ನಡೆದದ್ದು ಅಲ್ಲೇ.

● ನೋಟ್ರ ಡೇಮ್ ವಿಶ್ವವಿದ್ಯಾಲಯದ ದಂತಕತೆ ನ್ಯೂಟ್ ರಾಕ್ನಿ ಹುಟ್ಟಿದ್ದು ನಾರ್ವೆಯಲ್ಲಿ. ಕಾಲೇಜಿನ ಕೆಮಿಸ್ಟ್ರಿ ಲ್ಯಾಬ್‌ನಲ್ಲಿಯೂ ಕೆಲಸ ಮಾಡಿದವರು. 105 ಗೆಲುವು, ಬರೀ 12 ಸೋಲು, 5 ಡ್ರಾ. 43ನೇ ವಯಸ್ಸಿನಲ್ಲಿ ವಿಮಾನ ಅಪಘಾತ ಅವರನ್ನು ಬಲಿ ಪಡೆಯಿತು.

● ಓಕ್ಲಹಾಮಾ ತಂಡ ಬಡ್ ವಿಲ್ಕಿನ್ಸನ್ ಗರಡಿಯಲ್ಲಿ ಸತತ 47 ಪಂದ್ಯ ಗೆದ್ದಿತ್ತು. 1957ರಲ್ಲಿ ಆ ಓಟ ನಿಲ್ಲಿಸಿದ್ದೂ ನೋಟ್ರ ಡೇಮ್: 7–0.

● ಲೂಯಿಸಿಯಾನಾದಲ್ಲಿ ಕಪ್ಪು ಜನರಿಗಾಗಿ ಇದ್ದ ಗ್ರ್ಯಾಂಬ್ಲಿಂಗ್ ಕಾಲೇಜಿಗೆ ಎಡ್ಡಿ ರಾಬಿನ್ಸನ್ 1941ರಲ್ಲಿ ಬಂದಾಗ ಎಲ್ಲ ಕೆಲಸಕ್ಕೂ ಅವರೇ. ಮೈದಾನದ ಹುಲ್ಲು ಕತ್ತರಿಸುವುದು, ಪಂದ್ಯದ ವರದಿ ಬರೆದು ಪತ್ರಿಕೆಗೆ ಕೊಡುವುದು, ಬಿಳಿಯರ ಹೋಟೆಲುಗಳು ಒಳಗೆ ಬಿಡದ ಕಾರಣ ಹುಡುಗರಿಗೆ ಬುತ್ತಿ ಕಟ್ಟುವುದು. 1997ರಲ್ಲಿ ನಿವೃತ್ತರಾದಾಗ ಖಾತೆಯಲ್ಲಿ 408 ಗೆಲುವು!

● ಅದನ್ನೂ ಮೀರಿಸಿದವರು ಮಿನೆಸೋಟಾದ ಸೇಂಟ್ ಜಾನ್ಸ್‌ನ ಜಾನ್ ಗಾಲ್ಯಾರ್ಡಿ. ಪ್ರಾಕ್ಟೀಸಿನಲ್ಲಿ ಒಬ್ಬರನ್ನೊಬ್ಬರು ಕೆಡವುವಂತಿರಲಿಲ್ಲ, ಸೀಟಿ ಊದುವಂತಿರಲಿಲ್ಲ, ‘ಕೋಚ್’ ಎಂದು ಕರೆಯುವಂತೆಯೂ ಇರಲಿಲ್ಲ. ಬರೀ ‘ಜಾನ್’ ಸಾಕಿತ್ತು. ಈ ಸಲುಗೆಯಲ್ಲೇ 489 ಗೆಲುವು. ಕಾಲೇಜು ಫುಟ್‌ಬಾಲ್‌ನಲ್ಲಿ ಅಷ್ಟು ಗೆದ್ದ ಕೋಚ್ ಇನ್ನೊಬ್ಬರಿಲ್ಲ.