ಹೆಸರಿಲ್ಲದ ಹೆಂಗಸಿಗೆ ಹೆಸರಿಟ್ಟಾಕೆ

ಕಾಡಿನ ನಡುವೆ ಎರಡು ಕೋಣೆಯ ಮನೆ. ಕುರಿಮಂದೆ ಹೊಡೆದುಕೊಂಡು ಹೋದ ಗಂಡನ ಸುದ್ದಿಯಿಲ್ಲದೆ ಆರು ತಿಂಗಳಾಗಿದೆ. ಜನರ ಮುಖ ನೋಡಬೇಕೆಂದರೆ ಹತ್ತೊಂಬತ್ತು ಮೈಲಿ ನಡೆಯಬೇಕು. ಅಂಥ ಮನೆಯ ನೆಲದಡಿಗೆ ಒಂದು ಸಂಜೆ ಹಾವು ಹೊಕ್ಕಿದೆ. ನಾಲ್ಕು ಮಕ್ಕಳನ್ನು ಅಡುಗೆಮನೆಯ ಮೇಜಿನ ಮೇಲೆ ಮಲಗಿಸಿದ ತಾಯಿ, ಕೈಗೆಟುಕುವಂತೆ ದೊಣ್ಣೆ ಇಟ್ಟುಕೊಂಡು, ನಾಯಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಬೆಳಗಿನವರೆಗೆ ಕಾಯುತ್ತಾಳೆ.

ಹೆನ್ರಿ ಲಾಸನ್ 1892ರಲ್ಲಿ ಸಿಡ್ನಿಯ 'ಬುಲೆಟಿನ್' ಪತ್ರಿಕೆಗೆ ಬರೆದ ಈ ಪುಟ್ಟ ಕಥೆಯ ಹೆಸರು 'ದ ಡ್ರೋವರ್ಸ್ ವೈಫ್'. ಅಂದರೆ ಮಂದೆಗಾರನ ಹೆಂಡತಿ. ಆಸ್ಟ್ರೇಲಿಯಾದ ಓದುಬಲ್ಲ ಮನೆಗಳಲ್ಲಿ ಇದು ಗೊತ್ತಿಲ್ಲದವರು ಕಡಿಮೆ. ಕಥೆಯಲ್ಲಿ ಹಿರಿಯ ಮಗನಿಗೆ ಹೆಸರಿದೆ, ನಾಯಿಗೂ 'ಅಲಿಗೇಟರ್' ಎಂಬ ಹೆಸರಿದೆ. ಆ ತಾಯಿಗೆ ಮಾತ್ರ ಹೆಸರಿಲ್ಲ.

ಕ್ವೀನ್ಸ್‌ಲ್ಯಾಂಡಿನ ಮರ್ಗನ್ ಎಂಬ ಸಣ್ಣ ಊರಿನಲ್ಲಿ ಒಬ್ಬ ಮೂಲನಿವಾಸಿ ತಾಯಿ ತನ್ನ ಕಿರಿಯ ಮಗಳಿಗೆ ಈ ಕಥೆಯನ್ನು ಮತ್ತೆಮತ್ತೆ ಓದಿ ಹೇಳುತ್ತಿದ್ದಳು. ಕಥೆಯ ಕೊನೆಗೆ, ತಾನೆಂದೂ ಮಂದೆ ಹೊಡೆಯಲು ಹೋಗುವುದಿಲ್ಲ ಎಂದು ಹಿರಿಯ ಮಗ ತಾಯಿಗೆ ಮಾತು ಕೊಡುತ್ತಾನೆ. ಆ ಮಾತು ಬರುವ ಹೊತ್ತಿಗೆ ಹುಡುಗಿ ಅಮ್ಮನನ್ನು ತಡೆದು, ಅದನ್ನು ತಾನೇ ಹೇಳಿಬಿಡುತ್ತಿದ್ದಳಂತೆ. ಏಳು ಮಕ್ಕಳಲ್ಲಿ ಕೊನೆಯವಳಾದ ಆ ಹುಡುಗಿಯೇ ಲಿಯಾ ಪರ್ಸೆಲ್, ಹುಟ್ಟಿದ್ದು 1970ರಲ್ಲಿ. ಕಥೆಯ ಆ ಕೆಂಪು ರಟ್ಟಿನ ಹಳೆಯ ಪುಸ್ತಕ ಇಂದಿಗೂ ಅವರ ಬಳಿ ಇದೆ. ಹಾಳೆಗಳ ಮೇಲೆ ಅವರೇ ಗೀಚಿದ ಮಕ್ಕಳ ಚಿತ್ರಗಳೂ ಇವೆ.

ಇಂದು ಪರ್ಸೆಲ್ ಎಂದರೆ ಹೆಚ್ಚು ಜನರಿಗೆ ನೆನಪಾಗುವುದು ಟೆಲಿವಿಷನ್ ಪರದೆ. ಹೆಣ್ಣುಮಕ್ಕಳ ಸೆರೆಮನೆಯ ಕಥೆಯಾದ 'ವೆಂಟ್‌ವರ್ತ್' ಧಾರಾವಾಹಿಯಲ್ಲಿ 2018ರಿಂದ ರೀಟಾ ಕಾನರ್ಸ್ ಪಾತ್ರ ಮಾಡಿದವರು ಇವರೇ. 1979ರಿಂದ 1986ರವರೆಗೆ 692 ಕಂತು ಓಡಿದ 'ಪ್ರಿಸನರ್' ಧಾರಾವಾಹಿಯ ಹೊಸ ಅವತಾರ ಅದು. ಹೊರದೇಶಗಳಲ್ಲೂ ಅದಕ್ಕೆ ಕಟ್ಟಾ ಅಭಿಮಾನಿಗಳಿದ್ದಾರೆ. ಆದರೆ ಅವರನ್ನು ಧಾರಾವಾಹಿ ನಟಿ ಎಂದಷ್ಟೇ ಕರೆದರೆ ಅರ್ಧ ಹೇಳಿದಂತಾಗುತ್ತದೆ. ಕ್ಯಾಮೆರಾ ಮುಂದೆ ಬೇರೆಯವರು ಬರೆದುಕೊಟ್ಟ ಮಾತು ಆಡುತ್ತಲೇ, ಇನ್ನೊಂದು ಕೈಯಲ್ಲಿ ತಮ್ಮ ನಾಟಕ ತಾವೇ ಬರೆದು, ಕಟ್ಟಿ, ಊರೂರು ತಿರುಗಿಸಿದವರು ಅವರು.

ಆ ದಾರಿ ಸಲೀಸಾಗಿ ತೆರೆದದ್ದಲ್ಲ. ತಾಯಿಯ ಕಡೆಯಿಂದ ಪರ್ಸೆಲ್ ಗೋವಾ, ಗಂಗರಿ, ವಕ್ಕಾ ವಕ್ಕಾ ಕುಲಗಳಿಗೆ ಸೇರಿದವರು. (ಈ ಗೋವಾ ನಮ್ಮ ಕರಾವಳಿಯ ನೆರೆಯದಲ್ಲ, ಕ್ವೀನ್ಸ್‌ಲ್ಯಾಂಡಿನ ಒಂದು ಜನಾಂಗ.) ತಂದೆ ಬಿಳಿಯರು, ಮಾಂಸದಂಗಡಿಯ ಕಸುಬು, ಜೊತೆಗೆ ಹುಡುಗರಿಗೆ ಬಾಕ್ಸಿಂಗ್ ಕಲಿಸುತ್ತಿದ್ದರು. ಮೂಲನಿವಾಸಿ ಮಕ್ಕಳನ್ನು ಹೆತ್ತವರಿಂದ ಕಿತ್ತು ಸರಕಾರಿ ನೆಲೆಗಳಿಗೂ ಮಿಷನ್ನುಗಳಿಗೂ ಸಾಗಿಸುತ್ತಿದ್ದ ಕಾಲದಲ್ಲಿ ಹಾಗೆ ಬೇರ್ಪಟ್ಟವರಲ್ಲಿ ಅವರ ಅಜ್ಜಿಯೂ ಒಬ್ಬರು. ಕಾಯಿಲೆ ಬಿದ್ದ ತಾಯಿಯ ಆರೈಕೆ ಎಳೆಯ ಲಿಯಾ ಹೆಗಲಿಗೆ ಬಿತ್ತು. ಲಿಯಾಗೆ ಇಪ್ಪತ್ತು ತುಂಬುವ ಮೊದಲೇ ತಾಯಿ ತೀರಿಕೊಂಡರು, ಅಷ್ಟರಲ್ಲೇ ಮಡಿಲಲ್ಲಿ ತಮ್ಮದೇ ಕೂಸು. ಕುಡಿತವೂ ಅಂಟಿಕೊಂಡಿತು. ಊರು ಬಿಟ್ಟು ಬ್ರಿಸ್ಬೇನ್ ಸೇರಿದ ಮೇಲೆ ಸಮುದಾಯ ರಂಗತಂಡವೊಂದರ ಸಹವಾಸ ಸಿಕ್ಕಿತು.

1993ರಲ್ಲಿ 'ಬ್ರ್ಯಾನ್ ನ್ಯೂ ಡೇ' ತಂಡದವರು ಅವರನ್ನು ಸೇರಿಸಿಕೊಂಡರು. ಬ್ರೂಮ್ ಊರಿನ ಜಿಮ್ಮಿ ಚೀ ಮತ್ತು ಅವರ ವಾದ್ಯತಂಡ ಕಟ್ಟಿದ, ಮೂಲನಿವಾಸಿಗಳ ಮೊದಲ ಸಂಗೀತ ನಾಟಕ ಎಂದೇ ಹೆಸರಾದ ಪ್ರಯೋಗವದು. ಅಲ್ಲಿಂದಾಚೆಗಿನ ಓಟ ಬೇಗ ಸಾಗಿತು. 1996ರಲ್ಲಿ ಸಿಡ್ನಿಗೆ ಬಂದು ಒಂದು ಸಂಗೀತ ಚಾನೆಲ್ಲಿನ ನಿರೂಪಕಿಯಾದರು. 'ಪೊಲೀಸ್ ರೆಸ್ಕ್ಯೂ', 'ಫಾಲನ್ ಏಂಜಲ್ಸ್' ಧಾರಾವಾಹಿಗಳಲ್ಲಿ ಪಾತ್ರಗಳು ಬಂದವು.

ಟೆಲಿವಿಷನ್ನಿನಲ್ಲಿ ಕಾಲೂರುತ್ತಿದ್ದ ನಟಿ ಮುಂದಿನ ಅವಕಾಶಕ್ಕೆ ಕಾಯುತ್ತಾ ಕೂರುವುದು ರೂಢಿ. ಪರ್ಸೆಲ್ ಹಾಗೆ ಕೂರಲಿಲ್ಲ. ತಮ್ಮ ಬದುಕನ್ನೇ ಸ್ಕಾಟ್ ರಾಂಕಿನ್ ಎಂಬ ನಾಟಕಕಾರರ ಜೊತೆ ಕೂತು 'ಬಾಕ್ಸ್ ದ ಪೋನಿ' ಎಂಬ ಏಕವ್ಯಕ್ತಿ ನಾಟಕವಾಗಿ ಬರೆದರು. 1997ರಲ್ಲಿ, ಸಿಡ್ನಿ ಒಲಿಂಪಿಕ್ಸ್‌ಗೆ ಮುನ್ನುಡಿಯಾಗಿ ನಡೆದ 'ಫೆಸ್ಟಿವಲ್ ಆಫ್ ದ ಡ್ರೀಮಿಂಗ್' ಎಂಬ ಮೂಲನಿವಾಸಿ ಕಲೆಗಳ ಉತ್ಸವದಲ್ಲಿ ಅದು ರಂಗಕ್ಕೆ ಬಂತು. ಮೂಲನಿವಾಸಿ ಹೆಣ್ಣುಮಕ್ಕಳು ಒಬ್ಬೊಬ್ಬರೇ ನಿಂತು ತಮ್ಮ ಕಥೆ ಹೇಳಿದ ಪ್ರಯೋಗಗಳ ಸಾಲೇ ಆ ಉತ್ಸವದಲ್ಲಿತ್ತು.

ಅದೇ ವರ್ಷ, ಮೇ ತಿಂಗಳಲ್ಲಿ, 'ಬ್ರಿಂಗಿಂಗ್ ದೆಮ್ ಹೋಮ್' ಎಂಬ ವರದಿ ಆಸ್ಟ್ರೇಲಿಯಾದ ಸಂಸತ್ತಿನ ಮುಂದೆ ಬಂದಿತ್ತು. 1910ರಿಂದ 1970ರವರೆಗಿನ ಅವಧಿಯಲ್ಲಿ ಮೂಲನಿವಾಸಿ ಮಕ್ಕಳಲ್ಲಿ ಕಡಿಮೆಯೆಂದರೂ ಹತ್ತಕ್ಕೊಬ್ಬರನ್ನು, ಹೆಚ್ಚೆಂದರೆ ಮೂವರಲ್ಲೊಬ್ಬರನ್ನು ಮನೆಯಿಂದ ಒಯ್ದಿದ್ದರೆಂದು ಅದು ಅಂದಾಜು ಮಾಡಿತು. ಇದಕ್ಕಾಗಿ ಪ್ರಧಾನಿ ಸಂಸತ್ತಿನಲ್ಲಿ ಕ್ಷಮೆ ಕೇಳಿದ್ದು 2008ರ ಫೆಬ್ರುವರಿಯಲ್ಲಿ. ನಡುವಿನ ಹೆಚ್ಚುಕಡಿಮೆ ಹನ್ನೊಂದು ವರ್ಷ ಅಲ್ಲಿನ ರಾಜಕಾರಣಿಗಳು 'ಕ್ಷಮೆ' ಎಂಬ ಆ ಒಂದು ಪದಕ್ಕಾಗಿ ಜಗಳವಾಡಿದರು. ಪರ್ಸೆಲ್ ಮಾತ್ರ ಅಷ್ಟರಲ್ಲಿ ತಮ್ಮ ಮನೆತನದ ಕಥೆಯನ್ನು ಹಾಸ್ಯ, ಹಾಡು, ಬಾಕ್ಸಿಂಗ್ ಬೆರೆಸಿ, 1999ರಲ್ಲಿ ಎಡಿನ್‌ಬರೋ ಉತ್ಸವದವರೆಗೆ ಒಯ್ದು ಆಡಿ ಬಂದಿದ್ದರು. ಆಮೇಲೆ ಲಂಡನ್ನಿನ ಬಾರ್ಬಿಕನ್ ರಂಗಮಂದಿರವೂ ಕರೆಯಿತು. ನಾಟಕದಲ್ಲಿ ನೋವೇ ಇದ್ದರೂ ಅಳು ಕಡಿಮೆ, ಚೇಷ್ಟೆ ಹೆಚ್ಚು.

ಇಲ್ಲಿಂದ ಅವರ ಕೆಲಸಕ್ಕೆ ಒಂದು ವಿಶಿಷ್ಟ ಜಾಡು ಬಂತು. ಸಿಕ್ಕ ವಸ್ತುವನ್ನು ಒಂದೇ ಅಚ್ಚಿಗೆ ಎರೆದು ಕೈತೊಳೆದುಕೊಳ್ಳುವುದಿಲ್ಲ; ಬೇರೊಬ್ಬರಿಗೆ ಕೊಟ್ಟು ದೂರ ನಿಲ್ಲುವುದೂ ಇಲ್ಲ. ಒಂಬತ್ತು ಮೂಲನಿವಾಸಿ ಹೆಣ್ಣುಮಕ್ಕಳನ್ನು ಮಾತಾಡಿಸಿದ 'ಬ್ಲ್ಯಾಕ್ ಚಿಕ್ಸ್ ಟಾಕಿಂಗ್' ಪುಸ್ತಕವಾಯಿತು, ಸಾಕ್ಷ್ಯಚಿತ್ರವಾಯಿತು, ನಾಟಕವೂ ಆಯಿತು. ಪತಿ ಬೇನ್ ಸ್ಟೀವರ್ಟ್ ಜೊತೆ ಕಟ್ಟಿದ ಸ್ವಂತ ಸಂಸ್ಥೆ ಬೆನ್ನಿಗಿತ್ತು; ಈಗ ಅವರ ಸಂಸ್ಥೆಯ ಹೆಸರು ಊಂಬಾರಾ ಪ್ರೊಡಕ್ಷನ್ಸ್. ನಿರ್ಮಾಪಕ ಎಂದರೆ ದುಡ್ಡು ಹಾಕುವವನು ಎಂಬುದು ನಮ್ಮ ಸಾಮಾನ್ಯ ಗ್ರಹಿಕೆ. ಇಲ್ಲಿ ಆ ಪದದ ತೂಕ ಬೇರೆ: ಯಾವ ಕಥೆ, ಯಾರ ಬಾಯಲ್ಲಿ, ಯಾರ ಅನುಮತಿ ಪಡೆದು ಎಂಬುದನ್ನು ತೀರ್ಮಾನಿಸುವ ಸ್ಥಾನ ಅದು. ಹಿರಿಯರು, ಆಯಾ ನೆಲದ ಕುಲದವರು ಒಪ್ಪದೆ ಅವರ ಕಥೆ ಮುಟ್ಟಬಾರದೆಂಬ ಕಟ್ಟಳೆ ಮೂಲನಿವಾಸಿ ಕಲಾವಿದರಲ್ಲಿ ಗಟ್ಟಿಯಾಗಿದೆ.

ಇದರ ನಡುವೆ ಸಿನಿಮಾಗಳೂ ಇದ್ದವು: 'ಲಂಟಾನಾ', 'ದ ಪ್ರೊಪೊಸಿಷನ್', 'ಜಿಂದಬೈನ್'. ಕೊನೆಯದರ ಚಿತ್ರೀಕರಣ ನಡೆದದ್ದು ನ್ಯೂ ಸೌತ್ ವೇಲ್ಸ್‌ನ ಹಿಮಪರ್ವತಗಳ ಸೀಮೆಯಲ್ಲಿ. ಆ ಗುಡ್ಡಗಳನ್ನು ನೋಡಿದಾಗ ಅಮ್ಮ ಓದುತ್ತಿದ್ದ ಕಥೆಗೆ ನೆಲ ಸಿಕ್ಕಿತು.

ಲಾಸನ್ ಕಥೆಯಲ್ಲಿ ಕಪ್ಪು ಜನ ಇದ್ದಾರೆ, ಆದರೆ ಅಂಚಿನಲ್ಲಿ. ಹೆರಿಗೆ ಹೊತ್ತಿನಲ್ಲಿ ನೆರವಾಗುವ ಒಬ್ಬ ಮೂಲನಿವಾಸಿ ಹೆಂಗಸು ಒಂದೆರಡು ಸಾಲಿನಲ್ಲಿ ಬಂದು ಹೋಗುತ್ತಾಳೆ. ಸೌದೆ ಒಟ್ಟಿಕೊಟ್ಟ ಒಬ್ಬ ಮೂಲನಿವಾಸಿ, ಒಳಗೆ ಟೊಳ್ಳು ಬಿಟ್ಟು ಮೋಸ ಮಾಡಿದ್ದಾನೆಂದು ಕಥೆಯ ಕೊನೆಯ ಭಾಗದಲ್ಲಿ ತಿಳಿಯುತ್ತದೆ. ನೂರು ವರ್ಷ ಓದುಗರು ಈ ಸಾಲುಗಳ ಮೇಲೆ ಕಣ್ಣಾಡಿಸಿ ಹಾವಿನ ಕಡೆಗೆ ಹೋಗಿದ್ದರು. ಪರ್ಸೆಲ್ ನಿಂತದ್ದು ಈ ಸಾಲುಗಳ ಬಳಿಯೇ. ಈ ಕಥೆಯನ್ನೇ ಹೊಸದಾಗಿ ಬರೆದ ಅವರ ನಾಟಕದಲ್ಲಿ ಮಂದೆಗಾರನ ಹೆಂಡತಿಗೆ ಮಾಲಿ ಜಾನ್ಸನ್ ಎಂಬ ಹೆಸರು ಬಂತು. ಕೊರಳಿಗೆ ಕಬ್ಬಿಣದ ಪಟ್ಟಿ ಬಿಗಿದುಕೊಂಡೇ ತಪ್ಪಿಸಿಕೊಂಡು ಬಂದ ಯಡಕ ಎಂಬ ಮೂಲನಿವಾಸಿ ಅವಳ ಅಂಗಳದಲ್ಲಿ ಬಿದ್ದಿದ್ದಾನೆ. ಮಾತಿಗೆ ಮಾತು ಬೆಳೆದಂತೆ ಹೊರಬೀಳುವ ಗುಟ್ಟು ದೊಡ್ಡದು: ಬಿಳಿಯಳೆಂದುಕೊಂಡೇ ಬದುಕಿದ ಮಾಲಿಯ ಹೆತ್ತತಾಯಿ ಮೂಲನಿವಾಸಿ. ಬಿಳಿ ಆಸ್ಟ್ರೇಲಿಯಾ ತನ್ನ ಧೀರ ಅಜ್ಜಿಯೆಂದು ಪೂಜಿಸಿದ ಹೆಂಗಸಿನ ಮೈಯಲ್ಲೇ ಕಪ್ಪು ರಕ್ತ ಹರಿಯುತ್ತಿದೆ ಎಂದ ಮೇಲೆ ಮೂಲಕಥೆಯನ್ನು ಮೊದಲಿನಂತೆ ಓದುವುದು ಕಷ್ಟ. ಲಾಸನ್‌ರನ್ನು ಬೈಯುವ ನಾಟಕ ಇದಲ್ಲ. ಅವರ ಮನೆಯ ಮುಚ್ಚಿದ ಕೋಣೆಯ ಬಾಗಿಲು ತೆಗೆದ ನಾಟಕ.

2014ರಲ್ಲಿ ಮೂಲನಿವಾಸಿ ನಾಟಕಕಾರರಿಗೆ ಮೀಸಲಾದ ಬಾಲ್ನೇವ್ಸ್ ಪ್ರಶಸ್ತಿ ಕೈಗೆ ಬಂದಿದ್ದರಿಂದ ಬರವಣಿಗೆಗೆ ಆಸರೆ ಸಿಕ್ಕಿತ್ತು. ನಾಟಕ ರಂಗಕ್ಕೇರಿದ್ದು 2016ರ ಸೆಪ್ಟೆಂಬರಿನಲ್ಲಿ, ಸಿಡ್ನಿಯ ಬೆಲ್ವೊಯರ್ ರಂಗಮಂದಿರದಲ್ಲಿ. ಈ ಜಾಗದ ಕಥೆಯೂ ಸ್ವಾರಸ್ಯವಾಗಿದೆ. ಹಿಂದೆ ಟೊಮೆಟೊ ಸಾಸ್ ಕಾರ್ಖಾನೆಯಾಗಿದ್ದ ಕಟ್ಟಡ ಅದು. 1984ರಲ್ಲಿ ಮಾರಾಟಕ್ಕೆ ಬಂದಾಗ ಆರುನೂರಕ್ಕೂ ಹೆಚ್ಚು ರಂಗಪ್ರೇಮಿಗಳು ಹಣ ಕೂಡಿಸಿ ಕೊಂಡು ಉಳಿಸಿಕೊಂಡರು. ನಾಟಕದ ನಿರ್ದೇಶನ ಲೆಟೀಸಿಯಾ ಕಾಸರಸ್ ಅವರದು, ಮಾಲಿಯ ಪಾತ್ರದಲ್ಲಿ ಸ್ವತಃ ಪರ್ಸೆಲ್.

ಮರುವರ್ಷ ಪ್ರಶಸ್ತಿಗಳ ಸುರಿಮಳೆ. 1 ಲಕ್ಷ ಆಸ್ಟ್ರೇಲಿಯನ್ ಡಾಲರ್ ಮೊತ್ತದ ವಿಕ್ಟೋರಿಯನ್ ಸಾಹಿತ್ಯ ಪ್ರಶಸ್ತಿ ಬಂತು. ನ್ಯೂ ಸೌತ್ ವೇಲ್ಸ್ ರಾಜ್ಯದ ವರ್ಷದ ಪುಸ್ತಕ ಗೌರವವೂ ಇದಕ್ಕೇ ಸಂದಿತು. ಕಾದಂಬರಿ, ಕವನ, ಇತಿಹಾಸ ಎಲ್ಲದರ ಜೊತೆ ಸ್ಪರ್ಧಿಸಿ ಒಂದು ನಾಟಕ ಹೀಗೆ ಗೆಲ್ಲುವುದು ದಿನನಿತ್ಯದ ಮಾತಲ್ಲ.

ಅಲ್ಲಿಗೂ ಮಾಲಿಯನ್ನು ಬಿಡಲಿಲ್ಲ. 2019ರಲ್ಲಿ ಅದೇ ಕಥೆ ಅವರ ಕಾದಂಬರಿಯಾಯಿತು. ಅದೇ ಕಾಲಕ್ಕೆ ಹಿಮಪರ್ವತಗಳಲ್ಲಿ ಚಿತ್ರೀಕರಣ ನಡೆಯಿತು. 'ದ ಡ್ರೋವರ್ಸ್ ವೈಫ್: ದ ಲೆಜೆಂಡ್ ಆಫ್ ಮಾಲಿ ಜಾನ್ಸನ್' 2022ರಲ್ಲಿ ಆಸ್ಟ್ರೇಲಿಯಾದ ಚಿತ್ರಮಂದಿರಗಳಿಗೆ ಬಂತು. ಚಿತ್ರಕಥೆ, ನಿರ್ದೇಶನ, ಮುಖ್ಯ ಪಾತ್ರ ಪರ್ಸೆಲ್ ಅವರದೇ. ನಿರ್ಮಾಪಕರ ಪಟ್ಟಿಯಲ್ಲೂ ಅವರ ಹೆಸರಿದೆ. ನನ್ನ ಮಟ್ಟಿಗೆ ಈ ಕಥೆಯ ಕಸುವು ಹೆಚ್ಚಾಗಿ ಕಾಣುವುದು ನಾಟಕದಲ್ಲಿ. ಸಿನಿಮಾಕ್ಕೆ ಗುಡ್ಡ, ಮಂಜು, ಕುದುರೆ ಎಲ್ಲ ಒದಗಿ ಬಂದವು. ನಾಟಕದಲ್ಲಿದ್ದದ್ದು ಒಂದು ಅಂಗಳ, ಇಬ್ಬರು ಮನುಷ್ಯರು, ನಡುವೆ ನಂಬಲೋ ಬೇಡವೋ ಎಂಬ ಬಿಗಿ.

ಇಷ್ಟಾದರೂ ಟೆಲಿವಿಷನ್ನಿಗೆ ಬೆನ್ನು ತಿರುಗಿಸಿದ್ದಿಲ್ಲ. ಸಿಡ್ನಿಯ ರೆಡ್‌ಫರ್ನ್ ಬಡಾವಣೆಯ ಬದುಕನ್ನು ಮೂಲನಿವಾಸಿಗಳೇ ಬರೆದು, ನಿರ್ದೇಶಿಸಿ, ನಿರ್ಮಿಸಿದ 'ರೆಡ್‌ಫರ್ನ್ ನೌ' ಸರಣಿಯಲ್ಲಿ ನಟಿಸಿದರು. 2016ರ 'ಕ್ಲೆವರ್‌ಮ್ಯಾನ್' ಸರಣಿಯ ನಿರ್ದೇಶಕರಲ್ಲಿ ಒಬ್ಬರಾದರು. 2021ರಲ್ಲಿ 'ಆರ್ಡರ್ ಆಫ್ ಆಸ್ಟ್ರೇಲಿಯಾ' ಗೌರವ ಬಂತು. 2024ರಲ್ಲಿ 'ಹೈ ಕಂಟ್ರಿ' ಎಂಬ ಹೊಸ ಸರಣಿಯಲ್ಲಿ ಅವರದೇ ಮುಖ್ಯ ಪಾತ್ರ: ವಿಕ್ಟೋರಿಯಾದ ಬೆಟ್ಟಗಾಡಿನಲ್ಲಿ ಕಾಣೆಯಾದವರ ಜಾಡು ಹಿಡಿದು ಹೊರಡುವ ಪೊಲೀಸ್ ಅಧಿಕಾರಿಣಿ.