ಸೊಂಟದಲ್ಲಿ ಪಿಸ್ತೂಲು, ಎದುರಿಗೆ ಅಪರಿಚಿತ

ಅಡಿಕೆ ಮಾರಿದ ಹಣದೊಡನೆ ಸಂಜೆ ತೋಟಕ್ಕೆ ಮರಳುವ ಬೆಳೆಗಾರರಲ್ಲಿ ಕೆಲವರು ಪರವಾನಗಿಯಿರುವ ಪಿಸ್ತೂಲನ್ನು ಅಂಗಿಯೊಳಗೆ ಇಟ್ಟುಕೊಳ್ಳುವುದುಂಟು. ದಾರಿಯಲ್ಲಿ ಯಾರೋ ಬೆಂಕಿಪೆಟ್ಟಿಗೆ ಕೇಳುತ್ತಾ ಹತ್ತಿರ ಬಂದರೆ ಏನು ಮಾಡಬೇಕು? ಹಾಗೆ ಬರುವವರಲ್ಲಿ ಹೆಚ್ಚಿನವರು ದಾರಿ ತಪ್ಪಿದವರು, ಇಲ್ಲವೇ ಕೊಯ್ಲಿನ ಕೆಲಸ ಹುಡುಕಿ ಬಂದವರು ಎಂಬುದನ್ನು ನಾವು ಮರೆಯಬಾರದು.

ಆದರೂ ಕೈಗೆಟಕುವಷ್ಟು ಸಮೀಪಕ್ಕೆ ಬಿಡಕೂಡದು. ತಳ್ಳಾಟವಾದರೆ ನಮ್ಮ ಪಿಸ್ತೂಲೇ ಅವನ ಕೈ ಸೇರೀತು. ನಾಲ್ಕು ಮಾರು ದೂರವಿರುವಾಗಲೇ "ಅಲ್ಲೇ ನಿಲ್ಲಿ, ಏನಾಗಬೇಕಿತ್ತು?" ಎಂದು ಗಟ್ಟಿಯಾಗಿ ಕೇಳಬೇಕು. ಜೀಪನ್ನು ನಡುವೆ ಇಟ್ಟುಕೊಂಡು ಜನರಿರುವ ಕಡೆಗೆ ಸರಿಯಬೇಕು. ಬೈದರೆ ಬೈಸಿಕೊಂಡು ಹೊರಡುವುದೇ ಲೇಸು.

ಹೆದರಿಸಲೆಂದು ಅಂಗಿ ಎತ್ತಿ ತೋರಿಸುವುದಂತೂ ಬೇಡವೇ ಬೇಡ. 2016ರ ಆಯುಧ ನಿಯಮಗಳು ಸಾರ್ವಜನಿಕ ಸ್ಥಳದಲ್ಲಿ ಆಯುಧ ಝಳಪಿಸುವುದನ್ನು ನಿಷೇಧಿಸಿವೆ. ಪರವಾನಗಿಗೇ ಸಂಚಕಾರ ಬಂದೀತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ನೆಯ ಕಲಮುಗಳು ಆತ್ಮರಕ್ಷಣೆಯ ಹಕ್ಕು ಕೊಡುತ್ತವೆ, ನಿಜ. ಆದರೆ ಅಗತ್ಯಕ್ಕೆ ಮೀರಿದ ಹಾನಿಗೆ ಅಲ್ಲಿ ಅವಕಾಶವಿಲ್ಲ. ಬೈಗುಳಕ್ಕೆ ಗುಂಡು ಹಾರಿಸಿ ಆಮೇಲೆ ಈ ಕಲಮುಗಳನ್ನು ಹುಡುಕಿದರೆ ಫಲವಿಲ್ಲ.

ಅಲ್ಲಿಂದ ಪಾರಾದ ಮೇಲೆ 112ಕ್ಕೆ ಫೋನು ಮಾಡಿ ಆಸಾಮಿಯ ಚಹರೆ, ವಾಹನದ ನಂಬರು ತಿಳಿಸಿರಿ. ಹಣವನ್ನು ಬ್ಯಾಂಕ್ ಖಾತೆಗೇ ಹಾಕಿಸಿಕೊಳ್ಳುವವರಿಗೆ ಈ ಚಿಂತೆ ಅರ್ಧ ಕಡಿಮೆ.